ಬೀಸುವ ಕಲ್ಲಿನ ಹಾಡು

ನನಗೆ ಸಂಗೀತ ಬಾರದು. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ. ನನ್ನ ಕಂಠವನ್ನು ಒಮ್ಮೆ ಕೇಳಿದವರು ಯಾರೂ ಅದನ್ನು ವಿನಯವೆಂದು ತಿಳಿಯಲಾರರು. ಹೀಗಿದ್ದೂ ನಾಲ್ಕು ವರ್ಷಗಳಿಂದ ದಿನವೂ ಬೆಳಿಗ್ಗೆ ಆರು ಗಂಟೆಗೆ ನಾನು ಹಾಡುತ್ತಿದ್ದೇನೆ. ನೆರೆಹೊರೆಯವರು ಒಳ್ಳೆಯವರು, ಸಹಿಸಿಕೊಂಡಿದ್ದಾರೆ. ಈ ದುಸ್ಸಾಹಸಕ್ಕೆ ಕಾರಣವೇನೆಂಬುದನ್ನು ಹೇಳಿಬಿಡುತ್ತೇನೆ.

ನಮ್ಮದು ಕೊಟ್ಟೂರು. ಮಳೆಗೆ ಬಡತನವಿದ್ದರೂ ನಾದಕ್ಕೆ ಬಡತನವಿಲ್ಲದ ಸೀಮೆ. ಭರತ ಹುಣ್ಣಿಮೆ ಹತ್ತಿರವಾಯಿತೆಂದರೆ ಕರಿ ಕಂಬಳಿ ಹೊದ್ದು, ಕರಡಿ ಕೂದಲ ಟೊಪ್ಪಿಗೆಯಿಟ್ಟ ಗೊರವರು ಡಮರುಗ ಬಾರಿಸುತ್ತ ಹಡಗಲಿ ತಾಲ್ಲೂಕಿನ ಮೈಲಾರದ ಕಡೆಗೆ ಹೊರಡುವರು. ಅದು ಮುಗಿಯುವಷ್ಟರಲ್ಲಿ ನಮ್ಮೂರ ಗುರು ಕೊಟ್ಟೂರೇಶ್ವರನ ತೇರು, ನಂದಿಕೋಲು, ಸಮಾಳ. ಇವೆಲ್ಲ ವರುಷಕ್ಕೊಮ್ಮೆ ಬರುವ ನಾದಗಳು. ದಿನವೂ ಕೇಳುತ್ತಿದ್ದುದೆಂದರೆ ಅವ್ವನ ಬೀಸುವ ಕಲ್ಲು. ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿದ್ದರೂ ಗಿರಣಿಯ ಹಿಟ್ಟು ಬಿಸಿಯಾಗಿ ರೊಟ್ಟಿಗೆ ಜಿಗಿ ಇರುವುದಿಲ್ಲವೆಂಬುದು ಅವಳ ದೃಢವಾದ ಮತ. ನಸುಕಿನಲ್ಲಿ ಕಲ್ಲಿನ ಮುಂದೆ ಕೂತರೆ ಜೋಳದ ಜೊತೆಗೆ ಹಾಡೂ ಸುರಿಯುತ್ತಿತ್ತು.

1974ರಲ್ಲಿ ನನಗೆ ಎಸ್ಸೆಸ್ಸೆಲ್ಸಿ. ಮನೆತನದ ಉದ್ಧಾರವೆಲ್ಲ ನನ್ನ ಅಂಕಪಟ್ಟಿಯಲ್ಲಿಯೇ ಇದೆಯೆಂಬ ಗರ್ವದ ಕಾಲ. ಒಂದು ನಸುಕಿನಲ್ಲಿ ರೇಗಿ, “ಸುಮ್ನಿರಬೇ ಅವ್ವಾ, ಓದಾಕ ಆಗವಲ್ದು” ಎಂದೆ. ಅವಳು ಸುಮ್ಮನಾದಳು. ಮರುದಿನ ಕಲ್ಲು ಮಾತ್ರ ತಿರುಗಿತು, ಹಾಡು ಬರಲಿಲ್ಲ. ಮುಂದೆ ಹಿಟ್ಟೂ ಗಿರಣಿಯಿಂದಲೇ ಬರತೊಡಗಿತು. ಕಲ್ಲು ಹಿತ್ತಲಿಗೆ ಹೋಗಿ ತುಳಸಿಯ ಕುಂಡಕ್ಕೆ ಆಸರೆಯಾಯಿತು. ನಾನು ಪಾಸಾಗಿ, ನೌಕರಿ ಹಿಡಿದು, ಆ ಮಾತನ್ನು ಮರೆತೆ.

ನಾಲ್ಕು ವರ್ಷಗಳ ಹಿಂದೆ ಅವ್ವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಬಿದ್ದುವು, ಮಾತೂ ಹೋಯಿತು. ನಾವು ಹೇಳಿದ್ದು ಅವಳಿಗೆ ತಿಳಿಯುತ್ತಿತ್ತು. ಹೇಳಬೇಕಾದ್ದೂ ಒಳಗೆ ಇದ್ದಿತು. ಬಾಯಿಗೆ ಬಂದು ಅದು ಬರಿಯ “ಹೂಂ” ಆಗುತ್ತಿತ್ತು. ನೀರು ಬೇಕಾದರೆ ಹೂಂ, ಬೇಡವಾದರೂ ಹೂಂ. ತಿಳಿಯದೆ ನಾನು ರೊಟ್ಟಿ ತಂದರೆ ಕಣ್ಣಲ್ಲಿ ನೀರು ತರುತ್ತಿದ್ದಳು. ನಿವೃತ್ತನಾಗಿದ್ದ ನಾನು ಅವಳ ಸೇವೆಗೆಂದು ಊರಿಗೇ ಬಂದು ನೆಲೆಸಿದೆ. ರೋಗಿಗೆ ಶಾಂತಿ ಬೇಕೆಂದು ರೇಡಿಯೊ, ಟೀವಿ ಎಲ್ಲ ಬಂದ್ ಮಾಡಿದೆ. ಎರಡನೆಯ ಸಲವೂ ಆ ಮನೆಯನ್ನು ಸುಮ್ಮನಾಗಿಸಿದವನು ನಾನೇ.

ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಬಂದಳು. ಇಬ್ಬರೂ ಪ್ರಾಯದಲ್ಲಿ ಒಂದೇ ಕಲ್ಲಿಗೆ ಎದುರುಬದುರು ಕೂತು ಬೀಸಿದವರು. ಆಡುವುದಕ್ಕೆ ಮಾತು ತೋಚದೆ ಅಜ್ಜಿ ಅವ್ವನ ಎಡಗೈಯನ್ನು ಹಿಡಿದು, ಕಲ್ಲಿನ ಗೂಟ ತಿರುಗಿಸುವಂತೆ ತಿರುಗಿಸುತ್ತ ಸಣ್ಣಗೆ ಹಾಡತೊಡಗಿದಳು. ಎರಡನೆಯ ಸಾಲಿಗೆ ಅವ್ವನ ತುಟಿ ಅಲುಗಿತು. ನಾಲ್ಕನೆಯದಕ್ಕೆ ದನಿ ಬಂದಿತು. ದನಿಯಷ್ಟೇ ಅಲ್ಲ, ಪದಗಳೂ! ಆ ಹಾಡಿನಲ್ಲಿ ‘ನೀರು’ ಎಂಬ ಮಾತು ಎರಡು ಸಲ ಬರುತ್ತದೆ. ತಿಂಗಳಿಂದ ನೀರು ಕೇಳಲಾರದವಳು ಎರಡು ಸಲವೂ ಅದನ್ನು ಸ್ಪಷ್ಟವಾಗಿ ನುಡಿದಳು. ನಾನು ಹಿತ್ತಲಿಗೆ ಹೋಗಿ ತುಳಸಿಯ ಕುಂಡದ ಬಳಿ ನಿಂತೆ. ಯಾಕೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಇದು ಪವಾಡವೆಂದು ಊರಲ್ಲಿ ಮಾತಾಯಿತು. ವೈದ್ಯರು ನಕ್ಕು, ಇದು ಹಳೆಯ ಸಂಗತಿಯೆಂದರು. ಮಾತು ಕಳೆದುಕೊಂಡವನೊಬ್ಬ ಸ್ತೋತ್ರಗಳನ್ನು ಹಾಡುತ್ತಿದ್ದುದನ್ನು ಸ್ವೀಡನ್ನಿನ ಓಲೋಫ್ ದಾಲಿನ್ 1745ರಲ್ಲಿಯೇ ಬರೆದಿಟ್ಟಿದ್ದಾನೆ. ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಮಿದುಳಿನ ಎಡ ಭಾಗದಲ್ಲಿದೆ. ಹಾಡಿಗೆ ಬಲ ಭಾಗವೂ ದುಡಿಯುತ್ತದೆ. ಎಡಕ್ಕೆ ಪೆಟ್ಟಾದರೂ ಹಾಡಿನ ದಾರಿ ತೆರೆದಿರಬಹುದು. ಬಾಸ್ಟನ್ನಿನ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬ ಮೂವರು 1973ರಲ್ಲಿ ಇದನ್ನೇ ಚಿಕಿತ್ಸೆಯಾಗಿ ಪ್ರಕಟಿಸಿದರು. ದಿನಬಳಕೆಯ ಸಣ್ಣ ಮಾತುಗಳನ್ನು ರಾಗವಾಗಿ ಎಳೆದು, ಎಡಗೈಯಿಂದ ತಾಳ ತಟ್ಟಿಸುತ್ತ ಹೇಳಿಸುವುದು. ಕ್ರಮೇಣ ರಾಗವನ್ನು ಕಳಚುವುದು. ಬಾಸ್ಟನ್ನಿನಲ್ಲಿ ಹಾಡಿನಿಂದ ಮಾತು ತರಿಸುತ್ತಿದ್ದ ಆ ದಿನಗಳಲ್ಲಿಯೇ ಕೊಟ್ಟೂರಿನ ಒಬ್ಬ ಹುಡುಗ ಮಾತಿನಿಂದ ಹಾಡನ್ನು ನಿಲ್ಲಿಸಿದ್ದನಲ್ಲ!

ಹಾಡು ಎಲ್ಲ ರೋಗಕ್ಕೂ ಮದ್ದೆಂದು ನಾನು ಹೇಳುವುದಿಲ್ಲ. ಅವ್ವನ ಬಲಗೈ ಇಂದಿಗೂ ಏಳದು. ಗುಳಿಗೆಗಳು ತಪ್ಪಿಲ್ಲ. ಆದರೆ ಮನುಷ್ಯನಿಗೆ ಆಗುವ ಪೆಟ್ಟುಗಳೆಲ್ಲ ಮಿದುಳಿನವೇ ಅಲ್ಲವಷ್ಟೆ. ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವಾಗ ಮರಿಯಮ್ಮನಹಳ್ಳಿ ಸಿಕ್ಕುತ್ತದೆ. ಮಂಜಮ್ಮ ಜೋಗತಿಯವರ ಊರು. ಗಂಡಾಗಿ ಹುಟ್ಟಿ, ತಾನು ಹೆಣ್ಣೆಂದು ತಿಳಿದು, ಮನೆಯವರಿಗೆ ಬೇಡವಾಗಿ, ವಿಷ ಕುಡಿದು ಉಳಿದ ಜೀವ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆ ಹಾಡಲು, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಕಂಡದ್ದೇ ಅವರ ಬದುಕಿನ ತಿರುವು. ಆ ಕುಣಿತ ಕಲಿತು, ಕಾಳವ್ವ ಜೋಗತಿಯ ತಂಡ ಸೇರಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದುದನ್ನು ದೇಶವೇ ನೋಡಿತು. ತಲೆಯ ಮೇಲೆ ಕೊಡ ನಿಲ್ಲಬೇಕಾದರೆ ಮೊದಲು ಕಾಲು ನೆಲದಲ್ಲಿ ನಿಲ್ಲಬೇಕು. ಆ ಕುಣಿತ ಅವರಿಗೆ ನಿಲ್ಲಲು ನೆಲ ಕೊಟ್ಟಿತು.

ನಮ್ಮ ಮನೆಯಲ್ಲಿ ಈಗ ಬೆಳಿಗ್ಗೆ ಆರಕ್ಕೆ ಶಾಲೆ. ಅವ್ವನ ಎಡಗೈ ಹಿಡಿದು ತಿರುಗಿಸುತ್ತೇನೆ. ‘ನೀರು ಬೇಕು’, ‘ಕಾಲು ನೋವು’, ‘ಬಾಗಿಲು ಹಾಕು’ ಎಲ್ಲವೂ ಬೀಸುವ ಹಾಡಿನ ಧಾಟಿಯಲ್ಲಿ. ನಾನು ಅಪಸ್ವರ ಎಳೆದರೆ ಅವಳು ಮುಖ ಸಿಂಡರಿಸುತ್ತಾಳೆ. ವಿಮರ್ಶೆಗೆ ಮಾತು ಬೇಕೆಂದೇನೂ ಇಲ್ಲ. ಹಿತ್ತಲಿನ ಕಲ್ಲು ಮತ್ತೆ ಪಡಸಾಲೆಗೆ ಬಂದಿದೆ.

ಮೊನ್ನೆ ನನಗೆ ಎಚ್ಚರವಾಗುವುದು ತಡವಾಯಿತು. ನಸುಕಿನಲ್ಲಿ ಪಡಸಾಲೆಯಿಂದ ಅದೇ ಧಾಟಿ, ತಡವರಿಸುತ್ತ, ಒಂದೊಂದೇ ಅಕ್ಷರವಾಗಿ ಬಂದಿತು: “ಏ... ಳ... ಲೇ... ತ... ಮ್ಮಾ...”

ನಾನು ಬಲ್ಲಂತೆ, ಆ ಮಾತು ಅವಳ ಯಾವ ಹಾಡಿನಲ್ಲಿಯೂ ಇಲ್ಲ.