ಪಡುವಣದ ಕಿಟಕಿ

ಏಪ್ರಿಲ್ ತಿಂಗಳ ಸಂಜೆ ನಾಲ್ಕರ ಹೊತ್ತಿಗೆ ನಿಮ್ಮ ಮನೆಯ ಪಶ್ಚಿಮದ ಕಿಟಕಿಗಾಜನ್ನು ಎಂದಾದರೂ ಅಂಗೈಯಿಂದ ಮುಟ್ಟಿ ನೋಡಿದ್ದೀರಾ? ರಾಯಚೂರು, ಬಳ್ಳಾರಿಗಳ ವಾಚಕರಿಗೆ ಈ ಪ್ರಶ್ನೆ ವಿಚಿತ್ರವೆನಿಸದು. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಂತೂ ಇದು ಗೃಹಸ್ಥರ ನಿತ್ಯದ ಚಿಂತೆ. ಸೊನೋರಾ ಮರುಭೂಮಿಯಲ್ಲಿರುವ ಆ ನಗರದಲ್ಲಿ 2023ರ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ತಾಪಮಾನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆ ವರ್ಷ ಫೀನಿಕ್ಸ್ ಸೇರಿರುವ ಮ್ಯಾರಿಕೋಪಾ ಕೌಂಟಿಯಲ್ಲಿ ಬಿಸಿಲ ಬೇಗೆಯಿಂದ ಮೃತರಾದವರು 645 ಮಂದಿ. ಅವರಲ್ಲಿ ಸೂರಿಲ್ಲದ ಬಡವರು ಅನೇಕರು. ಆದರೆ ತಮ್ಮ ಸ್ವಂತ ಮನೆಯೊಳಗೇ ಪ್ರಾಣಬಿಟ್ಟವರೂ ಇದ್ದರು. ಅಂಥ ಬಹುಪಾಲು ಮನೆಗಳಲ್ಲಿ ಏಸಿ ಕೆಟ್ಟು ನಿಂತಿತ್ತು.

ಮೂಲತಃ ಉಡುಪಿ ಕಡೆಯವರಾದ, ಅಲ್ಲಿಯೇ ಒಂಟಿಯಾಗಿ ವಾಸಿಸುವ ಹಿರಿಯ ತಾಯಿಯೊಬ್ಬರು ಒಂದು ಚಳಿಗಾಲದಲ್ಲಿ ನನಗೆ ದೂರವಾಣಿ ಮಾಡಿದರು. "ಫಾದರ್, ಹದಿನಾಲ್ಕು ಕಿಟಕಿಯನ್ನೂ ಬದಲಾಯಿಸಬೇಕಂತೆ. ಇವತ್ತೇ ಸಹಿ ಹಾಕಿದರೆ ಅರ್ಧ ಬೆಲೆಯಂತೆ. ಏನು ಮಾಡಲಿ?" ನಾನು ಅಲ್ಲಿ ಸೇವೆಯಲ್ಲಿದ್ದಾಗ ಗುರುನಿವಾಸದ ಕಿಟಕಿಗಳನ್ನು ಬದಲಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತೆಂಬುದು ಅವರಿಗೆ ತಿಳಿದಿತ್ತು.

"ಅಮ್ಮ, ಇವತ್ತು ಸಹಿ ಬೇಡ" ಎಂದೆ. ಇಂದಷ್ಟೇ ಸಿಗುವ ಬೆಲೆ ನಾಳೆಯೂ ಸಿಗುತ್ತದೆ. ವ್ಯಾಪಾರದ ಈ ಆತುರವನ್ನು ನಾನೆಂದೂ ನಂಬಿದವನಲ್ಲ. ಮನೆಗೆ ಬಂದು ಮಾರುವವರೊಡನೆ ಮಾಡಿಕೊಂಡ ಒಪ್ಪಂದವನ್ನು ಮೂರು ಕೆಲಸದ ದಿನಗಳೊಳಗೆ ರದ್ದುಪಡಿಸುವ ಹಕ್ಕನ್ನು ಅಮೆರಿಕದ ಕಾನೂನು ಗ್ರಾಹಕನಿಗೆ ನೀಡಿದೆ. ತೆರಿಗೆಯಲ್ಲಿ ಆರುನೂರು ಡಾಲರ್ ವಿನಾಯಿತಿ ಸಿಗುವುದೆಂದೂ ಆತ ಹೇಳಿದ್ದನಂತೆ. 2025ರ ಡಿಸೆಂಬರ್ 31ರ ನಂತರ ಅಳವಡಿಸಿದ ಕಿಟಕಿಗಳಿಗೆ ಅದು ಅನ್ವಯಿಸುವುದಿಲ್ಲ.

ಇನ್ನು ಗಾಜಿನ ವಿಚಾರ. ಅಲ್ಲಿ ಹೊಸ ಕಿಟಕಿಯ ಮೇಲೆ ಒಂದು ಪುಟ್ಟ ಚೀಟಿ ಅಂಟಿರುತ್ತದೆ; ಮಾರಾಟಗಾರನ ಮಾತಿಗಿಂತ ಅದನ್ನು ಓದುವುದು ಲೇಸು. ಅದರಲ್ಲಿ ಯು-ಫ್ಯಾಕ್ಟರ್ ಎಂಬುದೊಂದಿದೆ. ಒಳಗಿನ ಮತ್ತು ಹೊರಗಿನ ತಾಪಮಾನದ ವ್ಯತ್ಯಾಸದಿಂದ ಎಷ್ಟು ಶಾಖ ದಾಟುತ್ತದೆ ಎಂಬುದರ ಅಳತೆ ಅದು. ಹಿಮ ಬೀಳುವ ಊರುಗಳಲ್ಲಿ ಇದೇ ಪ್ರಧಾನ. ಮರುಭೂಮಿಯಲ್ಲಿ ಪ್ರಧಾನವಾದುದು ಸೋಲಾರ್ ಹೀಟ್ ಗೇನ್ ಕೋಎಫಿಶಿಯೆಂಟ್, ಅಂದರೆ ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಒಳಬರುವ ಪಾಲು. ಸಾಧಾರಣ ಒಂಟಿ ಗಾಜಿನಲ್ಲಿ ಇದು 0.8ರ ಆಸುಪಾಸು. ಎನರ್ಜಿ ಸ್ಟಾರ್ ಗುರುತು ಪಡೆಯಲು ದಕ್ಷಿಣ ವಲಯದಲ್ಲಿ ಇದು 0.23ನ್ನು ಮೀರಬಾರದು. ಮೂರು ಪದರದ ಗಾಜನ್ನು ಆತ ಬಹಳವಾಗಿ ಹೊಗಳಿದ್ದನಂತೆ. ಮೂರನೆಯ ಗಾಜು ಚಳಿಯ ನಾಡಿಗೆ ಒಪ್ಪುತ್ತದೆ. ಫೀನಿಕ್ಸ್‌ನಲ್ಲಿ ಅದು ಬೆಲೆಗೆ ತಕ್ಕ ಫಲ ಕೊಡದೆಂಬುದೇ ನನ್ನ ಅಭಿಪ್ರಾಯ.

ಶಾಖವನ್ನು ತಡೆಯುವುದು ಲೋ-ಇ ಎಂಬ, ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಲೇಪನ. ಸೂರ್ಯನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿದೆ. ಲೇಪನ ಅವನ್ನು ಹಿಂದಕ್ಕಟ್ಟಿ ಬೆಳಕನ್ನು ಬಹುಮಟ್ಟಿಗೆ ಒಳಬಿಡುತ್ತದೆ. ಬಿಸಿನಾಡಿನಲ್ಲಿ ಈ ಲೇಪನ ಹೊರಗಾಜಿನ ಒಳಮೈಯಲ್ಲಿರಬೇಕು. (ಇಂಥ ಗಾಜು ಪ್ರತಿಫಲಿಸಿದ ಬಿಸಿಲಿಗೆ ನೆರೆಮನೆಯ ಪ್ಲಾಸ್ಟಿಕ್ ಹುಲ್ಲುಹಾಸು ಕರಗಿದ್ದೂ ಉಂಟು, ನೆರೆಯವನನ್ನು ಪ್ರೀತಿಸುವವರು ಅದನ್ನೂ ನೋಡಿಕೊಳ್ಳಬೇಕಾಗುತ್ತದೆ!)

ಆ ತಾಯಿಯ ನಿಜವಾದ ಸಂಕಟ ಬೇರೆಯೇ ಇತ್ತು. ಪಡಸಾಲೆಯ ಪಶ್ಚಿಮದ ದೊಡ್ಡ ಕಿಟಕಿಯೇ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯುವ ಕಿಟಕಿ. ಅವರ ಪತಿ ಕೊನೆಯ ಎರಡು ವರ್ಷ ಅದರ ಮುಂದೆಯೇ ಕುಳಿತು ಸೂರ್ಯಾಸ್ತ ನೋಡುತ್ತಿದ್ದರು. ಅದನ್ನು ಅರ್ಧಕ್ಕೆ ಮುಚ್ಚಿ, ಉಳಿದುದಕ್ಕೆ ಕಪ್ಪು ಗಾಜು ಹಾಕಿಸಿ ಎಂಬುದು ಆತನ ಸಲಹೆ. "ಮುಚ್ಚಿದರೆ ಅವರ ಕುರ್ಚಿ ಗೋಡೆಗೆ ಮುಖ ಮಾಡಿದ ಹಾಗಾಗುತ್ತದೆ, ಫಾದರ್" ಎಂದರು. ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಮುಚ್ಚಬೇಕಾಗಿಯೇ ಇರಲಿಲ್ಲ. ಚೀಟಿಯಲ್ಲಿ ಬೆಳಕಿಗೂ ಒಂದು ಅಂಕವಿದೆ. ಶಾಖದ ಅಂಕ 0.2ರ ಸುತ್ತಮುತ್ತ ಇದ್ದೂ ಬೆಳಕಿನ ಅಂಕ 0.4ನ್ನು ಮೀರುವ ಗಾಜು ದೊರೆಯುತ್ತದೆ. ಅದರಲ್ಲಿ ಸಂಜೆಯ ಬಣ್ಣ ಉಳಿಯುತ್ತದೆ. ಅವರ ಮಗನಿಂದ ಮನೆಯ ನಕ್ಷೆ ತರಿಸಿಕೊಂಡು ದಿಕ್ಕುಗಳನ್ನು ಲೆಕ್ಕಹಾಕಿದೆ. ಜೂನ್ ತಿಂಗಳ ನಡುಹಗಲಿನಲ್ಲಿ ಫೀನಿಕ್ಸ್‌ನ ಸೂರ್ಯ ಹೆಚ್ಚುಕಡಿಮೆ 80 ಡಿಗ್ರಿ ಎತ್ತರದಲ್ಲಿರುತ್ತಾನೆ. ಆದ್ದರಿಂದ ದಕ್ಷಿಣದ ಕಿಟಕಿಯನ್ನು ಒಂದು ಸಜ್ಜಾ ಕಾಪಾಡಬಲ್ಲದು. ಉತ್ತರದ ಕಿಟಕಿಗಳಿಗೆ ಬಿಸಿಲು ತಾಗುವುದೇ ಕಡಿಮೆ. ಆದರೆ ಪೂರ್ವ, ಪಶ್ಚಿಮಗಳಲ್ಲಿ ಅವನು ಸಜ್ಜಾದ ಕೆಳಗಿನಿಂದ ನೇರವಾಗಿ ನುಗ್ಗುತ್ತಾನೆ. ಅಲ್ಲಿ ಒಳಗಿನ ಪರದೆಯಿಂದ ಹೆಚ್ಚು ಪ್ರಯೋಜನವಿಲ್ಲ, ಶಾಖ ಆಗಲೇ ಗಾಜು ದಾಟಿರುತ್ತದೆ. ಹೊರಗೆ ಕಟ್ಟುವ ಜಾಲರಿ ಪರದೆ ಅದನ್ನು ಹೊರಗೇ ತಡೆಯುತ್ತದೆ. ಕಿಟಕಿಗೆ ಹೋಲಿಸಿದರೆ ಅದರ ಬೆಲೆ ಬಹಳ ಕಡಿಮೆ.

ಚೌಕಟ್ಟಿನ ವಿಷಯದಲ್ಲಿ ನಾನು ಹೇಳಿದ್ದು ಇಷ್ಟೇ: ಬರಿಯ ಅಲ್ಯೂಮಿನಿಯಂ ಶಾಖವನ್ನು ಒಳಗೆ ಸಾಗಿಸುತ್ತದೆ, ಬೇಡ; ಫೈಬರ್‌ಗ್ಲಾಸ್ ಆದರೆ ಉತ್ತಮ, ವಿನೈಲ್ ಆದರೆ ತಿಳಿಬಣ್ಣದ್ದು. ಬೇಸಿಗೆಯ ಕೊನೆಗೆ ಬರುವ ಧೂಳಿನ ಬಿರುಗಾಳಿಗೆ ಸಂದಿಯಿಲ್ಲದ ಜೋಡಣೆ ಅಗತ್ಯ. ಕೆಲಸಗಾರರ ಪರವಾನಗಿಯನ್ನು ರಾಜ್ಯದ ಗುತ್ತಿಗೆದಾರರ ನೋಂದಣಿ ಕಚೇರಿಯಲ್ಲಿ ಪರಿಶೀಲಿಸಿಕೊಳ್ಳಿ. ಮಲಗುವ ಕೋಣೆಯ ಕಿಟಕಿ, ಬೆಂಕಿ ಬಿದ್ದರೆ ಮನುಷ್ಯ ಹೊರಬರುವಷ್ಟು ತೆರೆಯಲೇಬೇಕು.

ಹದಿನಾಲ್ಕರಲ್ಲಿ ಅವರು ಮೂರನ್ನಷ್ಟೇ ಬದಲಾಯಿಸಿದರು: ಪಡಸಾಲೆಯದು, ಮಲಗುವ ಕೋಣೆಯದು, ಅಡುಗೆಮನೆಯ ಪೂರ್ವದ್ದು. ಬಿಸಿಲು ಬೀಳುವ ಉಳಿದ ನಾಲ್ಕಕ್ಕೆ ಹೊರಜಾಲರಿ. ಉಳಿದ ಹಣದಲ್ಲಿ ಮೊದಲು ಏಸಿಯನ್ನು ರಿಪೇರಿ ಮಾಡಿಸಿ ಎಂದು ನಾನು ಒತ್ತಾಯಿಸಿದೆ. ಎಂಥ ಗಾಜೂ ಕೆಟ್ಟ ಏಸಿಯ ಜಾಗವನ್ನು ತುಂಬಲಾರದು, ಅವರು ಒಬ್ಬರೇ ಇರುವವರು. ಮಾರ್ಚ್ ಕೊನೆಯಲ್ಲಿ ಕೆಲಸ ಮುಗಿಯಿತೆಂದು ಫೋನ್ ಬಂತು. ಕುರ್ಚಿಯನ್ನು ಇದ್ದಲ್ಲಿಂದ ಕದಲಿಸಿಲ್ಲವಂತೆ.