ಗಿರಣಿಯ ಗೋಡೆ, ಮನೆಯ ಅಟ್ಟ

ಕಲ್ಯಾಣದುರ್ಗದಲ್ಲಿ ನಮ್ಮ ಅಜ್ಜ ನಡೆಸುತ್ತಿದ್ದ ಕಡಲೆಕಾಯಿ ಎಣ್ಣೆಯ ಗಿರಣಿ ನಿಂತು ಎಷ್ಟೋ ವರ್ಷಗಳಾಗಿದ್ದವು. ಮಳೆ ಕೈಕೊಟ್ಟಾಗ ಕಾಯಿ ಬರಲಿಲ್ಲ. ಅಗ್ಗದ ತಾಳೆ ಎಣ್ಣೆ ಅಂಗಡಿ ಸೇರಿದ ಮೇಲೆ ಗಿರಾಕಿಗಳೂ ಬರಲಿಲ್ಲ. ಹಿಂದೂಪುರದಲ್ಲಿ ನೆಲೆಸಿದ್ದ ನಾವು ಮೂವರು ಸೋದರರು ಅದನ್ನು ಕೆಡವಿ, ಜಾಗವನ್ನು ನಿವೇಶನಗಳಾಗಿ ಮಾರುವುದೆಂದು ನಿಶ್ಚಯಿಸಿದ್ದೆವು.

ಆ ನಿಶ್ಚಯ ಕದಲಿದ್ದು ಬೆಂಗಳೂರಿನಲ್ಲಿ. 1884ರಲ್ಲಿ ಆರಂಭವಾಗಿ, ಮುಂದೆ ಬಿನ್ನಿ ಮಿಲ್ ಎಂದೇ ಜನರ ಬಾಯಲ್ಲಿ ನಿಂತ ಬಟ್ಟೆಯ ಗಿರಣಿಯ ನೆಲದಲ್ಲಿ ಇಂದು ಬಹುಮಹಡಿ ವಸತಿಗಳಿವೆ. ನಮ್ಮ ಸೋದರಮಾವನ ಮಗ ಅಲ್ಲಿ ಮನೆ ಕೊಂಡಿದ್ದ. ಹರೆಯದಲ್ಲಿ ಹಿಂದೂಪುರದಿಂದ ರೈಲು ಹತ್ತಿ ಹೋಗಿ ಅದೇ ಗಿರಣಿಯಲ್ಲಿ ದುಡಿದಿದ್ದ ಮಾವ, ಗೃಹಪ್ರವೇಶದ ದಿನ ಬಾಲ್ಕನಿಯಲ್ಲಿ ನಿಂತು ತಮ್ಮ ಮಗ್ಗ ಎಲ್ಲಿತ್ತೆಂದು ಬಹಳ ಹೊತ್ತು ಹುಡುಕಿದರು. ಗುರುತು ಸಿಗಲಿಲ್ಲ. “ಹೆಸರೊಂದು ಉಳಿದೈತೆ, ಬಿಡ್ರಪ್ಪಾ” ಎಂದು ಒಳಗೆ ಬಂದರು.

ಕೆಡವದೆಯೂ ಮನೆ ಮಾಡಬಹುದೆಂಬುದನ್ನು ನಾವು ಅನಂತರ ಓದಿ ತಿಳಿದೆವು. ನ್ಯೂಯಾರ್ಕಿನ ಸೋಹೋದಲ್ಲಿ ಬರಿದಾದ ಕಾರ್ಖಾನೆಗಳ ಮಹಡಿಗಳಲ್ಲಿ ಕಲಾವಿದರು ಬಿಡಾರ ಹೂಡಿದ್ದರು. 1971ರಲ್ಲಿ ನಗರಾಡಳಿತ ಅವರ ವಾಸಕ್ಕೆ ಅನುಮತಿ ನೀಡಿತು. ವಿಯೆನ್ನಾದಲ್ಲಿ 1899ರಲ್ಲಿ ಪೂರ್ಣಗೊಂಡಿದ್ದ ನಾಲ್ಕು ಬೃಹತ್ ಅನಿಲ ಸಂಗ್ರಹಾಗಾರಗಳ ಇಟ್ಟಿಗೆಯ ಹೊರಗೋಡೆಗಳನ್ನು ಉಳಿಸಿಕೊಂಡು, 2001ರ ವೇಳೆಗೆ ಒಳಗೆ ಮನೆಗಳನ್ನು ಕಟ್ಟಿದರು. ಇಂಥ ಮನೆಗೆ ‘ಲಾಫ್ಟ್’ ಎಂದು ಹೆಸರು. ಆ ಪದಕ್ಕೆ ಅಟ್ಟವೆಂದೇ ಅರ್ಥ. ಅಟ್ಟ ನಮ್ಮ ಹಿರಿಯರಿಗೇನು ಹೊಸದೇ?

ಇಂಜಿನಿಯರೊಬ್ಬರನ್ನು ಕರೆತಂದು ಗಿರಣಿಯನ್ನು ತೋರಿಸಿದೆವು. ಕಲ್ಲಿನ ಗೋಡೆಗಳು ಗಟ್ಟಿಯಾಗಿದ್ದವು. ಹದಿನೆಂಟು ಅಡಿ ಎತ್ತರವಿದ್ದುದರಿಂದ ನಡುವೆ ಅಟ್ಟ ಹಾಕಲು ಅಡ್ಡಿಯಿರಲಿಲ್ಲ. ಮಾಡಿನ ಆಸ್ಬೆಸ್ಟಾಸ್ ಶೀಟುಗಳನ್ನು ಮಾತ್ರ ಒಡೆಯದೆ, ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕೆಂದರು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಎಣ್ಣೆ ಹೀರಿದ ನೆಲವನ್ನು ಅಗೆದು ಹೊಸದಾಗಿ ಹಾಸಬೇಕಾಯಿತು. ಖರ್ಚು ಹೊಸ ಮನೆಗಿಂತ ಕಡಿಮೆಯೇನೂ ಆಗಲಿಲ್ಲ. ಹಣದ ಅಡಚಣೆಯಲ್ಲಿದ್ದ ಕಿರಿಯ ತಮ್ಮ, ಮಾರಿದ್ದರೆ ಚೆನ್ನಾಗಿತ್ತೆಂದು ಇಂದಿಗೂ ಹೇಳುತ್ತಾನೆ. ಅವನ ಮಾತನ್ನು ತಪ್ಪೆನ್ನಲು ನಮಗೆ ಬಾಯಿಲ್ಲ.

ಒಟ್ಟು ನಾಲ್ಕು ಮನೆಗಳಾದವು. ಮೂರು ನಮ್ಮವು. ನಾಲ್ಕನೆಯದನ್ನು, ಗಿರಣಿ ನಿಂತ ಮೇಲೂ ಬಾಗಿಲ ಬಳಿಯ ಕೋಣೆಯಲ್ಲಿ ಕಾವಲಿಗಿದ್ದ ಹಮಾಲಿ ದಂಪತಿಗೆ ಬಿಟ್ಟುಕೊಟ್ಟೆವು. ಕೆಡವಿದ್ದರೆ ಅವರೆಲ್ಲಿಗೆ ಹೋಗುತ್ತಿದ್ದರೆಂದು ಮೊದಲು ನಾವು ಯೋಚಿಸಿಯೇ ಇರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮೊದಲು ಹಾಲುಕ್ಕಿದ್ದು ಅವರ ಒಲೆಯ ಮೇಲೆ.

ತೆಲುಗಿನ ಬೀದಿಯಲ್ಲಿ ನಮ್ಮ ಕನ್ನಡ ಮನೆಮಾತಾಗಿ ಉಳಿದಿರುವುದೂ ಹೀಗೆಯೇ ಇರಬೇಕು: ಹಳೆಯ ಗೋಡೆಯನ್ನು ಬಿಡದೆ, ಒಳಗೆ ಬಾಳಲು ಬೇಕಾದುದನ್ನು ಹೊಸದಾಗಿ ಕಟ್ಟಿಕೊಂಡು. ಮಳೆಗಾಲದಲ್ಲಿ ನಮ್ಮ ಗೋಡೆಗಳಿಂದ ಇನ್ನೂ ಹಿಂಡಿಯ ವಾಸನೆ ಬರುತ್ತದೆ. ಮಕ್ಕಳು ಅದೇನೆಂದು ಕೇಳುತ್ತಾರೆ. ನಾವು ಅಜ್ಜನ ಕಥೆ ಹೇಳುತ್ತೇವೆ.