ಅಜ್ಜಿಯ ಚಿಮಟ

ಊರಿನಿಂದ ಬಂದ ಅಜ್ಜಿ ನಿಮ್ಮ ಮನೆಯಲ್ಲೂ ಇದ್ದಾರೆಯೇ? ಹಾಗಾದರೆ ಇದು ನಿಮಗಾಗಿ.

ನಮ್ಮಜ್ಜಿ ಗದಗಿನ ಕಡೆಯವರು. ಡೊಂಬಿವಲಿಯ ಮನೆಯಲ್ಲಿ ಕಿಟಕಿಯ ಬೆಳಕಿಗೆ ಮುಖವೊಡ್ಡಿ ಕೂತು, ನನ್ನ ಕೈಗೆ ಚಿಮಟ ಕೊಟ್ಟು, "ಕಣ್ಣಾಗ ಚುಚ್ಚತೈತಿ, ಆ ಕೂದಲಾ ಕಿತ್ತ ತಗಿಯಪಾ" ಎನ್ನುತ್ತಿದ್ದರು. ರೆಪ್ಪೆಗೂದಲನ್ನು ನಾನು ಕೀಳುತ್ತಿದ್ದೆ. ಕೆಲವು ವಾರ ಹಾಯಾಗಿರುತ್ತಿತ್ತು; ಆಮೇಲೆ ಮತ್ತದೇ ಗೋಳು.

ಕಣ್ಣು ಕೆಂಪಾಗಿ, ಬೆಳಕನ್ನೇ ನೋಡಲಾಗದಂತಾದಾಗ ಡಾಕ್ಟರ ಬಳಿ ಕರೆದೊಯ್ದೆ. ಅವರು ಮರಾಠಿಯಲ್ಲಿ ಕೇಳಿದರು. ನಾನು "ಕಣ್ಣಲ್ಲಿ ಕಸ ಬಿದ್ದಿದೆಯಂತೆ" ಎಂದುಬಿಟ್ಟೆ. ಚಿಮಟದ ಸುದ್ದಿ ಹೇಳಲು ನಾಚಿಕೆ. ಅಂದು ಬೆಳಿಗ್ಗೆಯಷ್ಟೇ ಕಿತ್ತಿದ್ದರಿಂದ ಅವರಿಗೆ ಕೂದಲೂ ಕಾಣಲಿಲ್ಲ. ಕಣ್ಣಿಗೆ ಹಾಕುವ ಹನಿ ಕೊಟ್ಟರು. ತಿಂಗಳುಗಳ ನಂತರ ಬೇರೊಬ್ಬ ವೈದ್ಯರು ರೆಪ್ಪೆ ಮಗುಚಿ ನೋಡುವಷ್ಟರಲ್ಲಿ ಕಾರ್ನಿಯಾದ ಮೇಲೆ ಬಿಳಿ ಕಲೆ ಕೂತಿತ್ತು.

ಬಾಲ್ಯದಲ್ಲಿ ಮತ್ತೆ ಮತ್ತೆ ತಗಲಿದ ಟ್ರಕೋಮಾ ಸೋಂಕು ರೆಪ್ಪೆಯ ಒಳಮೈಯನ್ನು ಸುಕ್ಕಿಸಿ, ಅಂಚನ್ನು ಒಳಕ್ಕೆ ಎಳೆದಿತ್ತು. ಕೂದಲು ಪ್ರತಿ ಮಿಟುಕಿಗೂ ಕಣ್ಣುಗುಡ್ಡೆಯನ್ನು ಉಜ್ಜುತ್ತಿತ್ತು. ಕೀಳುವಾಗ ತುಂಡಾದರಂತೂ ಆ ಮೋಟು ಇನ್ನಷ್ಟು ಚುಚ್ಚುತ್ತದೆ. ಒಂದೆರಡೇ ಕೂದಲಿದ್ದರೆ ವಿದ್ಯುತ್ತಿನಿಂದ ಬೇರು ಸುಡುತ್ತಾರೆ. ರೆಪ್ಪೆಯೇ ಮಡಚಿದ್ದರೆ ಶಸ್ತ್ರಕ್ರಿಯೆ. ಅಜ್ಜಿಗೆ ಅದೇ ಆಯಿತು. ಚುಚ್ಚುವುದು ನಿಂತಿತು, ಕಲೆ ಉಳಿಯಿತು.

ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಒಪ್ಪಿತು. ಹಿರಿಯರ ರೆಪ್ಪೆಯೊಳಗಿನ ಹಳೆಯ ಗಾಯ ಮಾತ್ರ ಹಾಗೇ ಇರುತ್ತದೆ. ವಯಸ್ಸಾಗಿ ಸಡಿಲಗೊಂಡ ರೆಪ್ಪೆಯೂ ಒಳಮಡಚುವುದುಂಟು. ನಿಮ್ಮಜ್ಜಿ "ಚುಚ್ಚತೈತಿ" ಎಂದರೆ ಡಾಕ್ಟರಿಗೆ ಚುಚ್ಚುತ್ತದೆ ಎಂದೇ ಹೇಳಿ. ಚಿಮಟದ ಸುದ್ದಿಯನ್ನೂ ಹೇಳಿ.